ತಮ್ಮನ ಟ್ರಂಕು, ಮಗನ ಅರ್ಜಿ

ಬೆಳಿಗ್ಗೆ ಐದೂಕಾಲಿಗೆ ಗದಗಿನ ಸ್ಟೇಡಿಯಂ ಇನ್ನೂ ಕತ್ತಲಲ್ಲೇ ಇರುತ್ತದೆ. ಓಡುವವರ ಮುಖ ಕಾಣುವುದಿಲ್ಲ, ಕಾಲಿನ ಸಪ್ಪಳ ಮಾತ್ರ ಕೇಳುತ್ತದೆ. ಎರಡು ತಿಂಗಳಿಂದ ನಾನು ಅಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದೇನೆ. ಓಡುವವನು ನನ್ನ ಮಗ. 1600 ಮೀಟರ್, ಅಂದರೆ ನಾಲ್ಕು ಸುತ್ತು. ಆರ್ಮಿ ಭರ್ತಿಯಲ್ಲಿ ಇದನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ.

ಮೊದಲ ದಿನ ಅವನು ಓಡಿದ್ದು ಹೀಗೆ. 1:14, 1:24, 1:35, 1:39. ಒಟ್ಟು 5:52. ಕೊನೆಯ ಸುತ್ತು ಮುಗಿಸಿ ತಂತಿ ಬೇಲಿ ಹಿಡಿದು ಬಾಗಿ ನಿಂತ, ವಾಂತಿ ಮಾಡಿಕೊಂಡ. ನನ್ನ ತಮ್ಮ ಪಕ್ಕದಲ್ಲೇ ಇದ್ದ. ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದು 2020ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದವನು. ಹುಡುಗನ ಬೆನ್ನು ಸವರಿ ಇಷ್ಟೇ ಹೇಳಿದ: "ಮೊದಲ್ನೇ ಸುತ್ತಿನ್ಯಾಗ ಎಲ್ಲಾ ಖರ್ಚು ಮಾಡಬ್ಯಾಡೋ. ಒಂದು ಇಪ್ಪತ್ತೆರಡಕ್ಕ ಓಡು. ನಾಲ್ಕೂ ಸುತ್ತು ಅಷ್ಟ."

ನಾನು ಬೆಟಗೇರಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಝೆರಾಕ್ಸ್, ಲ್ಯಾಮಿನೇಷನ್, ಅರ್ಜಿ ತುಂಬುವುದು. ಪಿಯುಸಿ ರಿಸಲ್ಟ್ ಬಂದ ಮೇಲೆ ಎರಡು ತಿಂಗಳು ಅಂಗಡಿಯ ಬೆಂಚು ಖಾಲಿ ಇರುವುದಿಲ್ಲ. ಮುಂಡರಗಿ, ರೋಣ, ಶಿರಹಟ್ಟಿ ಕಡೆಯ ಹುಡುಗರು ಬೆಳಗಿನ ಬಸ್ಸಿಗೇ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರಲ್ಲಿ ಮಾರ್ಕ್ಸ್‌ಕಾರ್ಡು, ಆಧಾರ್, ನಾಡಕಚೇರಿಯ ಪ್ರಮಾಣಪತ್ರಗಳು. ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾರ, ಆರ್ಮಿಗೆ ಹಾಕ್ಲ್ಯೋ, ನೇವಿಗೆ ಹಾಕ್ಲ್ಯೋ, ಏರ್‌ಫೋರ್ಸಿಗೆ ಹಾಕ್ಲ್ಯೋ?" ಅರ್ಜಿ ತುಂಬಿ, ಪ್ರಿಂಟ್ ತೆಗೆದುಕೊಂಡು, ಎದ್ದು ಹೊರಡುವಾಗ ಇನ್ನೊಂದು ಪ್ರಶ್ನೆ ಬರುತ್ತದೆ. "ಡಿಗ್ರಿ ಏನ್ ಮಾಡ್ಲಿ ಅಕ್ಕಾರ? ಅಡ್ಮಿಷನ್ ಮಾಡಸ್ಲೋ ಬ್ಯಾಡೋ?"

ಈ ಎರಡನೇ ಪ್ರಶ್ನೆಯನ್ನೇ ಮೊದಲು ಕೇಳಬೇಕು ಅಂತ ನನಗೆ ಅನ್ನಿಸಿ ಬಹಳ ದಿನವಾಯಿತು. ಸಮವಸ್ತ್ರದ ಬಣ್ಣ ಆಮೇಲೆ. ಡಿಗ್ರಿ ಮುಗಿಸಿ ಹೋಗುತ್ತೀಯೋ, ಒಳಗಿದ್ದೇ ಮಾಡುತ್ತೀಯೋ, ಬಿಟ್ಟೇ ಹೋಗುತ್ತೀಯೋ? ಇದು ತಿಳಿಯಾದರೆ ಯಾವ ಪಡೆ ಅನ್ನುವುದು ಅರ್ಧ ತಾನಾಗಿಯೇ ತಿಳಿಯಾಗುತ್ತದೆ. ಇದನ್ನು ನಾನು ಅರ್ಜಿ ತುಂಬಿ ಕಲಿತಿದ್ದಲ್ಲ, ನನ್ನ ತಮ್ಮನನ್ನು ನೋಡಿ ಕಲಿತಿದ್ದು.

ಅವನದೊಂದು ಕಪ್ಪು ಟ್ರಂಕು ಇದೆ. ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು, ರ್‍ಯಾಂಕು. ಲೇಹ್‌ಗೂ ಹೋಗಿ ಬಂದಿದೆ, ಅಸ್ಸಾಮಿಗೂ ಹೋಗಿ ಬಂದಿದೆ. ಒಂದು ಮೂಲೆ ಜಜ್ಜಿದೆ. ಒಳಗೆ ಮಡಚಿದ ಸಮವಸ್ತ್ರ, ಅದರ ಕೆಳಗೆ ಒಂದು ಪಾಲಿಥೀನ್ ಕವರು. ಆ ಕವರಿನಲ್ಲಿ ಬಿ.ಎ. ಮೊದಲ ವರ್ಷದ ಮಾರ್ಕ್ಸ್‌ಕಾರ್ಡು. ಕನ್ನಡ 71, ಇತಿಹಾಸ 64. ಎರಡನೇ ವರ್ಷದ್ದು ಇಲ್ಲ, ಮೂರನೆಯದೂ ಇಲ್ಲ. 2003ರಲ್ಲಿ ಬೆಳಗಾವಿಯಲ್ಲಿ ಭರ್ತಿ ನಡೆದಾಗ ಗೆಳೆಯರ ಜೊತೆ ಹೋದ, ಸೆಲೆಕ್ಟ್ ಆದ. ಬೆಂಗಳೂರಿನ ಎಂ.ಇ.ಜಿ. ಸೆಂಟರಿಗೆ, ಅಂದರೆ ಆರ್ಮಿಯ ಎಂಜಿನಿಯರ್ ಪಡೆಯ ಕೇಂದ್ರಕ್ಕೆ, ಟ್ರೇನಿಂಗ್‌ಗೆ ಕರೆ ಬಂತು. ಅಪ್ಪ ಊರಿಗೆಲ್ಲ ಪೇಡೆ ಹಂಚಿದ. ಡಿಗ್ರಿ ವಿಷಯ ಯಾರೂ ಮಾತಾಡಲಿಲ್ಲ. ನೌಕರಿ ಸಿಕ್ಕ ಮೇಲೆ ಡಿಗ್ರಿ ಯಾಕೆ ಅಂತ ನಾವೆಲ್ಲ ಅಂದುಕೊಂಡೆವು. ನಾನೂ ಹಾಗೇ ಅಂದುಕೊಂಡಿದ್ದೆ.

ಸೇರಿ ನಾಲ್ಕು ವರ್ಷದ ಮೇಲೆ ಅವನಿಗೇ ಆಸೆ ಹುಟ್ಟಿತು. ಮನೆಯಲ್ಲೇ ಓದಿ ಡಿಗ್ರಿ ಮಾಡುವ ಮುಕ್ತ ವಿಶ್ವವಿದ್ಯಾಲಯ ಇಗ್ನೋಗೆ ಹೆಸರು ಹಚ್ಚಿದ. ಪರೀಕ್ಷೆ ಇರುವುದು ಜೂನ್‌ನಲ್ಲಿ, ಡಿಸೆಂಬರ್‌ನಲ್ಲಿ. ಒಂದು ಜೂನ್‌ನಲ್ಲಿ ಯೂನಿಟ್ ಬೇರೆ ಕಡೆ ಹೊರಟಿತ್ತು. ಇನ್ನೊಂದು ಡಿಸೆಂಬರ್‌ನಲ್ಲಿ ರಜೆ ಸಿಗಲಿಲ್ಲ. ಆಮೇಲೆ ಮದುವೆ, ಮಕ್ಕಳು. ಪುಸ್ತಕಗಳು ಟ್ರಂಕಿನಲ್ಲೇ ಉಳಿದವು.

ಮನೆಗೆ ಬಂದಾಗ ಅವನಿಗೆ ಮೂವತ್ತಾರು. ಪಿಂಚಣಿ ಇದೆ, ಕೈಕಾಲು ಗಟ್ಟಿ ಇವೆ, ಇನ್ನೂ ಇಪ್ಪತ್ತೈದು ವರ್ಷ ದುಡಿಯುವ ವಯಸ್ಸು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಒಂದು ವರ್ಷ ಓದಿದ. ಅಲ್ಲಿಯ ರೀಡಿಂಗ್ ರೂಮುಗಳಲ್ಲಿ ಇಪ್ಪತ್ತೆರಡರ ಹುಡುಗರ ನಡುವೆ ಕೂತು ಓದುವುದು ಅವನಿಗೆ ಕಷ್ಟ ಅನ್ನಿಸಲಿಲ್ಲ. ಕಷ್ಟವಾಗಿದ್ದು ಅರ್ಜಿಯ ಒಂದು ಕಾಲಂ. ಹತ್ತನೇ ಕ್ಲಾಸ್ ಪಾಸಾಗಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಸಮ ಅಂತ ತಗೊಳ್ಳುತ್ತಾರೆ. ಬ್ಯಾಂಕಿನ ಕ್ಲರ್ಕ್ ಹುದ್ದೆಗೂ ಅದು ನಡೆಯುತ್ತದೆ. ಆದರೆ ಪ್ರೊಬೇಷನರಿ ಆಫೀಸರ್ ಹುದ್ದೆಗೆ ನಿಜವಾದ ಡಿಗ್ರಿಯೇ ಬೇಕು. ಎಂ.ಎ. ಮಾಡುತ್ತೇನೆ ಅಂದರೂ ಬೇಕು. ಹದಿನೇಳು ವರ್ಷ ಸೇತುವೆ ಕಟ್ಟಿದವನು, ಮೈನ್ ತೆಗೆದವನು, ಒಂದು ಕಾಲಂ ಮುಂದೆ ಸುಮ್ನೆ ಕೂತಿದ್ದನ್ನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ. ಈಗ ಅವನು ಸೆಕ್ಯುರಿಟಿ ಸೂಪರ್‌ವೈಸರ್. ಕೆಲಸದಲ್ಲಿ ಮರ್ಯಾದೆ ಇದೆ, ದೂರು ಹೇಳುವವನಲ್ಲ. ಆದರೂ ಆ ಮಾರ್ಕ್ಸ್‌ಕಾರ್ಡನ್ನು ಇನ್ನೂ ಎಸೆದಿಲ್ಲ, ಅಲ್ವಾ?

ಇಷ್ಟಾಗಿಯೂ ತಮ್ಮನಿಗೆ ಪಿಂಚಣಿಯ ಆಸರೆ ಇತ್ತು. ಈಗ ಜವಾನರಾಗಿ ಹೋಗುವ ಹುಡುಗರ ಲೆಕ್ಕವೇ ಬೇರೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಅದೇ ವರ್ಷ ಹಾವೇರಿಯಲ್ಲಿ ನಮ್ಮ ಕಡೆಯ ಜಿಲ್ಲೆಗಳ ಭರ್ತಿ ನಡೆದಾಗ ನನ್ನ ಅಂಗಡಿಯಿಂದಲೇ ಎಷ್ಟೋ ಹುಡುಗರು ಅಡ್ಮಿಟ್ ಕಾರ್ಡ್ ತಗೊಂಡು ಹೋದರು. ಈ ಯೋಜನೆಯಲ್ಲಿ ಸೇರುವವರನ್ನು ಅಗ್ನಿವೀರರು ಅನ್ನುತ್ತಾರೆ. ಸೇವೆ ನಾಲ್ಕು ವರ್ಷ. ಕೊನೆಗೆ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನರನ್ನು ಮುಂದುವರಿಸುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ.

ಹಣದ ಲೆಕ್ಕ ನಾನು ಹುಡುಗರಿಗೆ ಕಾಗದದ ಮೇಲೆ ಬರೆದೇ ತೋರಿಸುತ್ತೇನೆ, ಯಾಕಂದರೆ ಅರ್ಧ ಜನ ತಪ್ಪು ತಿಳಿದಿರುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000 ಅಂತ ಇದ್ದರೂ ಕೈಗೆ ಬರುವುದು 21,000. ಉಳಿದ 9,000 ಸೇವಾ ನಿಧಿಗೆ ಹೋಗುತ್ತದೆ, ಅದು ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಕೈಗೆ ಸಿಗುವ ಹಣ. ಸಂಬಳ ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000. ಪ್ರತಿ ಸಲವೂ ನೂರಕ್ಕೆ ಮೂವತ್ತು ನಿಧಿಗೆ. ನಾಲ್ಕು ವರ್ಷಕ್ಕೆ ಅವನ ಪಾಲು 5.02 ಲಕ್ಷ, ಸರ್ಕಾರ ಅಷ್ಟೇ ಹಾಕುತ್ತದೆ. ಬಡ್ಡಿ ಸೇರಿ ಸುಮಾರು 11.71 ಲಕ್ಷ ಅಂತ ಯೋಜನೆ ಪ್ರಕಟಿಸಿದಾಗ ಹೇಳಿದ್ದರು. ಇಪ್ಪತ್ತೆರಡರ ಹುಡುಗನ ಕೈಯಲ್ಲಿ ಇದು ಸಣ್ಣ ಹಣವಲ್ಲ. ನಮ್ಮ ಕಡೆ ಒಣಬೇಸಾಯದ ಮನೆಗೆ ಇದು ದೊಡ್ಡ ಹಣ.

ಆದರೆ ಗ್ರೌಂಡಿನಲ್ಲಿ ನನ್ನ ಮಗನ ಜೊತೆ ಇನ್ನೂ ಮೂವರು ಓಡುತ್ತಾರೆ. ಓಡಿ ಮುಗಿದ ಮೇಲೆ ನಾಲ್ವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ನೆನೆಸಿದ ಶೇಂಗಾ ತಿನ್ನುತ್ತಾರೆ. ಒಂದೇ ಡಬ್ಬಿ, ನಾಲ್ಕು ಕೈ. ನಾಲ್ವರೂ ಅಗ್ನಿವೀರರಾಗಿ ಹೋದರೆ ಆ ಲೆಕ್ಕಕ್ಕೆ ಅವರಲ್ಲಿ ಉಳಿಯುವವನು ಒಬ್ಬ. ಯಾರು ಅಂತ ಆ ಮೆಟ್ಟಿಲ ಮೇಲೆ ಯಾರೂ ಹೇಳಲಾಗುವುದಿಲ್ಲ. ವಾಪಸ್ ಬರುವ ಮೂವರಿಗೆ ಆಗ ಇಪ್ಪತ್ತೆರಡು. ಅವರ ಜೊತೆ ಪಿಯುಸಿ ಮಾಡಿದವರು ಅಷ್ಟೊತ್ತಿಗೆ ಡಿಗ್ರಿ ಮುಗಿಸಿರುತ್ತಾರೆ. ಇವರು ಹದಿನೆಂಟರ ಹುಡುಗರ ಜೊತೆ ಮೊದಲ ವರ್ಷಕ್ಕೆ ಕೂರಬೇಕು.

ಹಾಗಾಗಿ ಅಗ್ನಿವೀರ ಬೇಡ ಅನ್ನುತ್ತೇನಾ? ಇಲ್ಲ. ಮುಂಡರಗಿ ಕಡೆಯ ಒಬ್ಬ ಹುಡುಗನ ಅರ್ಜಿ ನಾನೇ ತುಂಬಿದೆ. ಅಪ್ಪನಿಗೆ ಮೂರು ಎಕರೆ, ಎರಡು ವರ್ಷ ಮಳೆ ಕೈಕೊಟ್ಟಿತ್ತು, ಅಕ್ಕನ ಮದುವೆಯ ಸಾಲ ಬಾಕಿ. ಆ ಹುಡುಗನಿಗೆ "ಮೊದಲು ಡಿಗ್ರಿ ಮುಗಿಸು" ಅನ್ನುವ ಹಕ್ಕು ನನಗಿಲ್ಲ. ಆದರೆ ಅರ್ಜಿಯ ಪ್ರಿಂಟಿನ ಜೊತೆ ಇನ್ನೊಂದು ಹಾಳೆ ಕೊಟ್ಟೆ. ಅಗ್ನಿವೀರರಿಗಂತಲೇ ಇಗ್ನೋದಲ್ಲಿ ಮೂರು ವರ್ಷದ ಡಿಗ್ರಿ ಇದೆ. ಬೇಕಾದ ಅರ್ಧ ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತದೆ. ಉಳಿದ ಅರ್ಧಕ್ಕೆ ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯ, ಕೃಷಿ, ಪ್ರವಾಸೋದ್ಯಮದಂಥ ವಿಷಯ ಓದಿ ಪರೀಕ್ಷೆ ಬರೆಯಬೇಕು. ನನ್ನ ತಮ್ಮನ ಕಾಲದಲ್ಲಿ ಇದು ಇದ್ದಿದ್ದರೆ ಅಂತ ಆ ಹಾಳೆ ಪ್ರಿಂಟ್ ಮಾಡುವಾಗೆಲ್ಲ ಅನ್ನಿಸುತ್ತದೆ. ಹೋದ ವರ್ಷ ಆ ಹುಡುಗ ಯೂನಿಟ್‌ನಿಂದ ಫೋನ್ ಮಾಡಿದ್ದ. "ಅಕ್ಕಾರ, ಮೊದಲ್ನೇ ವರ್ಷದ್ದು ಪಾಸಾತ್ರೀ." ಪೂರ್ತಿ ಐದು ನಿಮಿಷ ಅದನ್ನೇ ಮಾತಾಡಿದ. ಅಂಗಡಿಯಲ್ಲಿ ಜನ ಕಾಯುತ್ತಿದ್ದರೂ ನಾನು ಫೋನ್ ಇಡಲಿಲ್ಲ.

ನಮ್ಮ ಹುಡುಗರಿಗೆ ಜವಾನನಾಗುವ ದಾರಿ ಚೆನ್ನಾಗಿ ಗೊತ್ತು. ಆಫೀಸರ್ ಆಗುವ ದಾರಿ ಗೊತ್ತಿಲ್ಲ. ಇದು ನನಗೆ ಬಹಳ ಬೇಜಾರಿನ ಸಂಗತಿ. ಪಿಯುಸಿ ಆದವರನ್ನು ಆಫೀಸರ್ ತರಬೇತಿಗೆ ತಗೊಳ್ಳುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎನ್‌ಡಿಎ ಅಂದರೆ ಅದು ದೊಡ್ಡವರ ಮಕ್ಕಳಿಗೆ, ಸೈನಿಕ ಶಾಲೆಯವರಿಗೆ ಅಂತ ತಿಳಿದಿದ್ದಾರೆ. ಅರ್ಜಿಗೆ 100 ರೂಪಾಯಿ ಅಂದರೆ ನಂಬುವುದಿಲ್ಲ. ಪಿಯುಸಿ ಎರಡನೇ ವರ್ಷದಲ್ಲಿದ್ದಾಗಲೇ ಹಾಕಬಹುದು. ಆರ್ಮಿಗೆ ಯಾವ ವಿಷಯ ಓದಿದ್ದರೂ ನಡೆಯುತ್ತದೆ. ನೇವಿ, ಏರ್‌ಫೋರ್ಸ್‌ಗೆ ವಿಜ್ಞಾನ ಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಗಣಿತ 300 ಅಂಕ, ಸಾಮಾನ್ಯ ಪತ್ರಿಕೆ 600. ಆಮೇಲೆ ಐದು ದಿನದ ಎಸ್‌ಎಸ್‌ಬಿ ಸಂದರ್ಶನ, ಅದಕ್ಕೆ 900. ಸೆಲೆಕ್ಟ್ ಆದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ. ಹೊರಗೆ ಬರುವಾಗ ಕೈಯಲ್ಲಿ ಜೆಎನ್‌ಯು ಡಿಗ್ರಿ ಇರುತ್ತದೆ. ಡಿಗ್ರಿಯೋ ಮಿಲ್ಟ್ರಿಯೋ ಅನ್ನುವ ಗೊಂದಲವೇ ಅಲ್ಲಿಲ್ಲ. ಎರಡೂ ಒಂದೇ ತಟ್ಟೆಯಲ್ಲಿ ಬರುತ್ತವೆ.

ತೊಡಕು ಇದೆ, ಮುಚ್ಚಿಡುವುದಿಲ್ಲ. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಹುಡುಗರು ಇಲ್ಲೇ ಹೆದರುತ್ತಾರೆ. ಅಗ್ನಿವೀರರ ಆರ್ಮಿ ಪರೀಕ್ಷೆಯನ್ನು 2025ರಿಂದ ಕನ್ನಡದಲ್ಲೂ ಬರೆಯಬಹುದು. ಎನ್‌ಡಿಎಗೂ ಆ ಅವಕಾಶ ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಎಂಟನೇ ಕ್ಲಾಸಿನಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

ವಯಸ್ಸಿನಲ್ಲೂ ಬಹಳ ಜನ ತಪ್ಪುತ್ತಾರೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಅನ್ನುವುದನ್ನು ಅರ್ಜಿ ಹಾಕುವ ದಿನಕ್ಕೆ ಎಣಿಸಬಾರದು, ಕೋರ್ಸ್ ಶುರುವಾಗುವ ದಿನಕ್ಕೆ ಎಣಿಸಬೇಕು. ಹದಿನೆಂಟೂವರೆಗೆ ನಿಧಾನವಾಗಿ ಬಂದು ಕೂತ ಹುಡುಗನಿಗೆ "ನಿನಗೆ ದಾಟಿತಪ್ಪಾ" ಅಂತ ಹೇಳುವುದು ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟ ಗಳಿಗೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳಿಗೂ ಹೇಳಿ. ಅವರು ಅರ್ಜಿಗೆ ದುಡ್ಡು ಕಟ್ಟುವುದೇ ಬೇಡ. 2022ರಲ್ಲಿ ಎನ್‌ಡಿಎ ಸೇರಿದ ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಆ ಫೋಟೊ ನನ್ನ ಅಂಗಡಿಯ ಗೋಡೆಯ ಮೇಲೆ ಅಂಟಿಸಿದ್ದೇನೆ.

ಎನ್‌ಡಿಎ ತಪ್ಪಿದರೂ ಡಿಗ್ರಿಯ ಕೊನೆಯ ವರ್ಷದಲ್ಲಿ ಆಫೀಸರ್ ಆಗಲು ಸಿಡಿಎಸ್ ಪರೀಕ್ಷೆ ಇದೆ, ಏರ್‌ಫೋರ್ಸ್‌ಗೆ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎನ್‌ಸಿಸಿ ದಾರಿ. ಡಿಗ್ರಿ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್ ತಗೊಂಡು, ಡಿಗ್ರಿಯಲ್ಲಿ ನೂರಕ್ಕೆ ಐವತ್ತು ಅಂಕ ಬಂದರೆ ಬರವಣಿಗೆ ಪರೀಕ್ಷೆಯೇ ಇಲ್ಲದೆ ಎಸ್‌ಎಸ್‌ಬಿಗೆ ಹಾಕಬಹುದು. ಅದೇ ಸರ್ಟಿಫಿಕೇಟ್ ಅಗ್ನಿವೀರ ಭರ್ತಿಯಲ್ಲೂ ಬೋನಸ್ ಅಂಕ ತರುತ್ತದೆ. ಪರೇಡ್ ಇರುವ ದಿನ ತಿಂಡಿ ಸಿಗುತ್ತದೆ ಅಂತ ಎನ್‌ಸಿಸಿಗೆ ಸೇರುವವರಿದ್ದಾರೆ. ಸೇರಲಿ, ಬಿಡಬೇಡಿ ಅಂತಷ್ಟೇ ನನ್ನ ಮಾತು.

ಇನ್ನು ಮೂರರಲ್ಲಿ ಯಾವುದು? ತಮ್ಮನನ್ನೇ ಕೇಳಿದೆ. ಅವನು ಆರ್ಮಿಯವನು, ಆರ್ಮಿಯನ್ನೇ ಹೊಗಳುತ್ತಾನೆ ಅಂದುಕೊಂಡೆ. "ನಿನ್ನ ಮಗಗ ಗಣಿತ ಬರ್ತೈತಿ, ಮಷಿನ್ ಬಿಚ್ಚಿ ಜೋಡಸ್ತಾನ. ಏರ್‌ಫೋರ್ಸ್ ನೋಡ್ಲಿ" ಅಂದ. ಏರ್‌ಫೋರ್ಸಿನ ಜವಾನರಿಗೆ ತರಬೇತಿ ಕೊಡುವ ಜಾಗ ನಮಗೆ ಹತ್ತಿರದ ಬೆಳಗಾವಿಯ ಸಾಂಬ್ರಾದಲ್ಲೇ ಇದೆ. ಅಲ್ಲಿಗೆ ಹೋಗಲು ಪಿಯುಸಿಯಲ್ಲಿ ಒಟ್ಟು ನೂರಕ್ಕೆ ಐವತ್ತು ಬಂದರೆ ಸಾಲದು, ಇಂಗ್ಲಿಷಿನಲ್ಲೂ ಐವತ್ತು ಬೇಕು. ಬಹಳ ಹುಡುಗರು ಅಲ್ಲೇ ಮುಗ್ಗರಿಸುತ್ತಾರೆ. ನೇವಿಗೆ ನಮ್ಮ ಬಯಲುಸೀಮೆಯ ಹುಡುಗರು ಕಡಿಮೆ. ಸಮುದ್ರ ನೋಡಿದ್ದೇ ಗೋಕರ್ಣ ಟ್ರಿಪ್ಪಿನಲ್ಲಿ. ಆದರೆ ಬಾವಿಯಲ್ಲಿ ಈಜು ಕಲಿತವರಿಗೆ ನೀರಿನ ಭಯವಿಲ್ಲ. ಕಾರವಾರದಲ್ಲಿ ದೊಡ್ಡ ನೌಕಾನೆಲೆಯೇ ಇದೆ. ಹಡಗಿನ ಎಂಜಿನ್, ಎಲೆಕ್ಟ್ರಿಕಲ್ ಕೆಲಸ ಕಲಿತವನಿಗೆ ಹೊರಗೂ ಕೆಲಸ ಸಿಗುತ್ತದೆ. ಆರ್ಮಿಯಲ್ಲಿ ಜನರಲ್ ಡ್ಯೂಟಿಗೆ ಹೋದವನಿಗೆ ಧೈರ್ಯ, ಶಿಸ್ತು, ಗೆಳೆತನ ಸಿಗುತ್ತದೆ, ಅದು ಬೇರೆಲ್ಲೂ ಸಿಗದು. ಆದರೆ ಕೈಗೆ ಕಸುಬು ಕಡಿಮೆ. ಅದಕ್ಕೇ ಡಿಗ್ರಿಯ ಆಸರೆ ಬೇಕಾಗುವುದು ಆ ಹುಡುಗನಿಗೇ ಜಾಸ್ತಿ.

ಲೆಕ್ಕಾಚಾರ ಇಷ್ಟು ಮಾಡಿದ ಮೇಲೆ ಇನ್ನೊಂದನ್ನು ಹೇಳದೆ ಇರಲಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತವಾಗಿ ಸಿಕ್ಕರು. ಆಮೇಲಿನ ಮೂರು ದಿನ ನಮ್ಮ ಕಡೆ ಯಾವ ಗುಡಿಯಲ್ಲಿ ದೀಪ ಹಚ್ಚಲಿಲ್ಲ ಹೇಳಿ? ಫೆಬ್ರುವರಿ 11ಕ್ಕೆ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ದರ್ಶನಕ್ಕಿಟ್ಟಾಗ ನಾನೂ ಹೋಗಿದ್ದೆ. ಆಗ ತಮ್ಮ ಲೇಹ್‌ನಲ್ಲಿದ್ದ. ಅವ್ವ ಟಿವಿ ಬಂದ್ ಮಾಡಿ ಫೋನ್ ಕೈಯಲ್ಲಿ ಹಿಡಿದು ಕೂತಿದ್ದಳು. ಮೂರು ದಿನ ಲೈನ್ ಸಿಗಲಿಲ್ಲ. ಸಿಕ್ಕಾಗ ಅವ್ವ ಕೇಳಿದ್ದು "ಊಟ ಮಾಡಿದ್ಯೇನೋ?" ಅಂತ. ಮಗನನ್ನು ಗ್ರೌಂಡಿಗೆ ಕರೆದುಕೊಂಡು ಹೋಗುವಾಗ ಆ ಧ್ವನಿ ನನ್ನ ಕಿವಿಯಲ್ಲಿರುತ್ತದೆ. ಇದು ಬರೀ ನೌಕರಿಯಲ್ಲ ಅಂತ ಮಗನಿಗೆ ಒಮ್ಮೆ ಕೂರಿಸಿ ಹೇಳಿದೆ. "ಗೊತ್ತೈತಿ ಅವ್ವಾ" ಅಂದ. ಗೊತ್ತಿರಲಿಕ್ಕಿಲ್ಲ, ಆ ವಯಸ್ಸಿಗೆ. ಆದರೂ ಹೇಳಬೇಕಿತ್ತು.

ಮೆಡಿಕಲ್ ಬಗ್ಗೆ ಒಂದು ಮಾತು. ನಮ್ಮ ಗ್ರೌಂಡಿನಲ್ಲೇ 5:20ಕ್ಕೆ ಓಡುತ್ತಿದ್ದ ಹುಡುಗನೊಬ್ಬ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಫೇಲಾದ. ಚುಕ್ಕೆಗಳ ಚಿತ್ರದಲ್ಲಿ ಎಲ್ಲರಿಗೂ ಕಾಣುವ ಅಂಕಿ ಅವನಿಗೆ ಕಾಣಲಿಲ್ಲ. ಎಂಟು ತಿಂಗಳು ಓಡಿದ್ದ. ಆ ತನಕ ಅವನಿಗೇ ಗೊತ್ತಿರಲಿಲ್ಲ. ಓಡಲು ಶುರು ಮಾಡುವ ಮೊದಲೇ ಕಣ್ಣು, ಪಾದ, ಮೊಣಕಾಲು, ಕಿವಿ ತೋರಿಸಿಬಿಡಿ. ಒಂದು ಬೆಳಗಿನ ಕೆಲಸ. ಆ ಹುಡುಗ ಡಿಗ್ರಿಗೆ ಹೆಸರು ಹಚ್ಚಿದ್ದ, ಅದೊಂದು ಪುಣ್ಯ. ಮಾರನೇ ವಾರ ಕಾಲೇಜಿಗೆ ಹೋದ.

ಮೇ ತಿಂಗಳಲ್ಲಿ ನನ್ನ ಮಗ ಅದೇ ಕುರ್ಚಿಯಲ್ಲಿ ಕೂತ. ಅವನಿಗೆ ಹದಿನೇಳು ತುಂಬಿ ಏಳು ತಿಂಗಳು. ಎನ್‌ಡಿಎಗೆ ಇನ್ನೂ ಎರಡು ಅವಕಾಶ ಇವೆ, ಈ ಸೆಪ್ಟೆಂಬರ್ ಮತ್ತು ಬರುವ ಏಪ್ರಿಲ್. ನಾನು ಕೀಬೋರ್ಡ್ ಅವನ ಕಡೆ ಸರಿಸಿದೆ. ಎಲ್ಲ ಅವನೇ ತುಂಬಿದ. ಆದ್ಯತೆ ಕೇಳುವ ಜಾಗಕ್ಕೆ ಬಂದಾಗ ಬಹಳ ಹೊತ್ತು ಸುಮ್ಮನಿದ್ದ. ಏರ್‌ಫೋರ್ಸ್ ಮೊದಲು, ಆರ್ಮಿ ಎರಡನೆಯದು, ನೇವಿ ಕೊನೆಗೆ. ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ ಅಂತ ಅವನೇ ನನಗೆ ಹೇಳಿದ. ಓದಿಕೊಂಡಿದ್ದಾನೆ ಅಂತ ಸಮಾಧಾನವಾಯಿತು.

"ಅವ್ವಾ, ಎರಡೂ ಸಲ ಆಗ್ಲಿಲ್ಲಂದ್ರ?" ಅಂತ ಕೇಳಿದ.

"ಆವಾಗ ನೀ ಬಿ.ಎಸ್ಸಿ. ಎರಡ್ನೇ ವರ್ಷಕ್ಕ ಹೋಗಿರ್ತಿ" ಅಂದೆ.

ಜೂನ್‌ನಲ್ಲಿ ಅಡ್ಮಿಷನ್ ಆಯಿತು. ಫೀ ತುಂಬಿದ ರಸೀದಿಯನ್ನು ನನ್ನ ತಮ್ಮ ಕೈಗೆ ತಗೊಂಡು ಎರಡು ಸಲ ಓದಿದ. ಎನ್‌ಸಿಸಿಗೆ ಹೆಸರು ಕೊಟ್ಟೆಯಾ ಅಂತ ಕೇಳಿದ. ಕೊಟ್ಟಿದ್ದಾನೆ. ಆಯ್ಕೆಗೆ ಅಲ್ಲೂ ಓಡಿಸುತ್ತಾರಂತೆ.

ಇವತ್ತು ಬೆಳಿಗ್ಗೆ 1:22, 1:24, 1:26, 1:26. ಒಟ್ಟು 5:38. ಬೇಲಿ ಹಿಡಿಯಲಿಲ್ಲ, ನಡೆದುಕೊಂಡೇ ಬಂದು ಶೇಂಗಾ ಡಬ್ಬಿ ತೆಗೆದ. ಕೊನೆಯ ಎರಡು ಸುತ್ತಿನಲ್ಲಿ ನಾಲ್ಕು ನಾಲ್ಕು ಸೆಕೆಂಡು ಕಡಿಮೆಯಾದರೆ ಆಯಿತು ಅಂತ ಅವನ ಮಾಮಾ ಲೆಕ್ಕ ಹಾಕುತ್ತಿದ್ದ. ನಾಳೆಗೆ ಅಲಾರಾಂ 4:40ಕ್ಕೆ ಇಟ್ಟಿದ್ದೇನೆ.